ಬರ್ನರ್ ನಿಂತರೆ ಕಾರಣ ಹುಡುಕಿ, ವೈರ್ ಜೋಡಿಸಬೇಡಿ

ಹೊಸ ಗಿರಾಕಿಯ ಶೆಡ್ಡಿಗೆ ಹೋದಾಗ ಬರ್ನರ್‌ನ ಕಂಟ್ರೋಲ್ ಬಾಕ್ಸ್ ಮುಚ್ಚಳ ತೆಗೆದು ನಾನು ಮೊದಲು ಹುಡುಕುವುದು ಒಂದು ಗೇಣು ವೈರ್ ತುಂಡನ್ನು. ಏರ್ ಪ್ರೆಷರ್ ಸ್ವಿಚ್ಚಿನ ಎರಡು ಟರ್ಮಿನಲ್‌ಗಳ ನಡುವೆ ಅದನ್ನು ಸಿಕ್ಕಿಸಿರುತ್ತಾರೆ. ಗಾಳಿ ಬರಲಿ, ಬಿಡಲಿ, ಬರುತ್ತಿದೆ ಎಂದು ಬರ್ನರ್‌ಗೆ ಸುಳ್ಳು ಹೇಳುವುದೊಂದೇ ಅದರ ಕೆಲಸ. ಹಳೆಯ ಬಾಕ್ಸ್‌ಗಳು ಈ ಸುಳ್ಳನ್ನು ನಂಬಿಬಿಡುತ್ತವೆ. ಅಂಥ ತುಂಡು ಸಿಕ್ಕಿದ ದಿನ ನಾನು ಬೇರೆ ಯಾವ ಕೆಲಸವನ್ನೂ ಮುಟ್ಟುವುದಿಲ್ಲ. ಗ್ಯಾಸ್ ವಾಲ್ವ್ ಮುಚ್ಚಿಸಿ, ಓನರನ್ನು ಕರೆಸಿ, ಅದನ್ನು ಅವರ ಕೈಗೇ ಕೊಡುತ್ತೇನೆ.

ಪೀಣ್ಯ, ಅಂದ್ರಹಳ್ಳಿ, ನೆಲಗದರನಹಳ್ಳಿ ಕಡೆಯ ಪೌಡರ್ ಕೋಟಿಂಗ್ ಶೆಡ್ಡುಗಳಲ್ಲಿ ಗ್ಯಾಸ್ ಬರ್ನರ್ ಕೂರಿಸುವುದು, ಸರ್ವಿಸ್ ಮಾಡುವುದು, ಕೆಟ್ಟಾಗ ಸರಿಪಡಿಸುವುದು ನನ್ನ ಕಸುಬು. ನಿಮ್ಮ ಮನೆಯ ಕಬ್ಬಿಣದ ಬೀರು, ಕರೆಂಟಿನ ಡಿಸ್ಟ್ರಿಬ್ಯೂಷನ್ ಬಾಕ್ಸು, ಆಫೀಸಿನ ಕುರ್ಚಿ ಕಾಲು, ಬೈಕಿನ ಬಿಡಿಭಾಗ ಎಲ್ಲವೂ ಇಂಥ ಶೆಡ್ಡುಗಳನ್ನು ಹಾದು ಬಂದಿರುತ್ತವೆ. ಬಣ್ಣದ ಪುಡಿಯನ್ನು ಗನ್ನಿನಲ್ಲಿ ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಶಾಖದ ಓವನ್ನಿನಲ್ಲಿ ಹತ್ತು-ಹದಿನೈದು ನಿಮಿಷ ಇಟ್ಟರೆ ಪುಡಿ ಕರಗಿ, ಹರಡಿ, ಗಟ್ಟಿಯಾಗುತ್ತದೆ. ಆ ಶಾಖ ಬರುವುದು ಬಿಸಿಗಾಳಿಯಿಂದ. ಗ್ಯಾಸ್ ಬರ್ನರ್ ಹೀಟ್ ಎಕ್ಸ್‌ಚೇಂಜರ್ ಎಂಬ ಒಂದು ಉಕ್ಕಿನ ಕೊಳವೆಯೊಳಗೆ ಉರಿಯುತ್ತದೆ; ದೊಡ್ಡ ಬ್ಲೋವರ್ ಆ ಕೊಳವೆಯ ಹೊರಮೈ ಮೇಲೆ ಗಾಳಿ ಹಾಯಿಸಿ ಓವನ್ನಿಗೆ ತಳ್ಳುತ್ತದೆ; ಹೊಗೆ ಬೇರೆ ದಾರಿಯಲ್ಲಿ ಚಿಮಣಿ ಹತ್ತುತ್ತದೆ. ಬಟ್ಟೆ ಮಿಲ್ಲುಗಳಲ್ಲಿ, ದೊಡ್ಡ ಬೇಕರಿಗಳಲ್ಲಿ, ಆಹಾರ ಒಣಗಿಸುವ ಘಟಕಗಳಲ್ಲಿ ಇದರ ಅಣ್ಣತಮ್ಮಂದಿರಿದ್ದಾರೆ. ಚಳಿ ದೇಶಗಳಲ್ಲಿ ಗೋದಾಮು, ಶಾಲೆ, ಚರ್ಚುಗಳನ್ನು ಬೆಚ್ಚಗಿಡುವುದೂ ಇದೇ ಜಾತಿಯ ಯಂತ್ರ.

ಬರ್ನರ್‌ನ ಹಿಂದೆ ಒಂದು ಅಂಗೈಯಗಲದ ಸೀಕ್ವೆನ್ಸ್ ಕಂಟ್ರೋಲರ್ ಇರುತ್ತದೆ. ನಾನು ಗೌರವದಿಂದ ನೋಡುವ ಉಪಕರಣ ಅದು. ಸ್ವಿಚ್ ಒತ್ತಿದ ಕೂಡಲೇ ಅದು ಗ್ಯಾಸ್ ಬಿಡುವುದಿಲ್ಲ. ಮೊದಲು ಬರ್ನರ್ ಫ್ಯಾನ್ ತಿರುಗಿಸುತ್ತದೆ. ಗಾಳಿಯ ಒತ್ತಡ ನಿಜವಾಗಿ ಏರಿತೇ ಎಂದು ಏರ್ ಪ್ರೆಷರ್ ಸ್ವಿಚ್ಚಿನಿಂದ ಕೇಳಿ ತಿಳಿಯುತ್ತದೆ. ಆಮೇಲೆ ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು ಹೊತ್ತು ಬರೀ ಗಾಳಿ ಊದುತ್ತದೆ. ಹಿಂದಿನ ಬಾರಿ ಉರಿಯದೆ ಉಳಿದ ಗ್ಯಾಸೇನಾದರೂ ಇದ್ದರೆ ಹೊರಗೆ ಹೋಗಲಿ ಎಂದು. ನಂತರ ಕಿಡಿ. ಕಿಡಿ ಇರುವಾಗಲೇ ಒಂದರ ಹಿಂದೊಂದು ಇರುವ ಎರಡು ವಾಲ್ವ್ ತೆರೆಯುತ್ತವೆ. ಅಲ್ಲಿಂದ ಕೆಲವೇ ಸೆಕೆಂಡಿನೊಳಗೆ ಉರಿ ಕಾಣಿಸಬೇಕು. ಇಲ್ಲವಾದರೆ ವಾಲ್ವ್ ಬಂದ್, ಕೆಂಪು ದೀಪ, ಲಾಕೌಟ್. ಮನುಷ್ಯ ಬಂದು ರೀಸೆಟ್ ಒತ್ತುವವರೆಗೆ ಅದು ಅಲ್ಲಾಡುವುದಿಲ್ಲ.

ಈ ಕೆಂಪು ದೀಪವನ್ನು ನಮ್ಮಲ್ಲಿ ಕೆಟ್ಟದ್ದು ಎಂದು ತಿಳಿದಿದ್ದಾರೆ. "ಬರ್ನರ್ ಕೆಟ್ಟಿದೆ, ಬನ್ನಿ" ಎಂದೇ ಫೋನ್ ಬರುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡಿದೆ. ಗಾಳಿಯೋ ಗ್ಯಾಸೋ ಕಿಡಿಯೋ ಉರಿಯ ಸುಳಿವೋ, ನಾಲ್ಕರಲ್ಲಿ ಒಂದು ಸರಿಯಿಲ್ಲ ಎಂದು ಹೇಳಿ ನಿಂತಿದೆ. ಆಪರೇಟರ್ ಮತ್ತೆ ಮತ್ತೆ ರೀಸೆಟ್ ಒತ್ತಿದರೆ ಪ್ರತಿ ಸಲವೂ ಒಂದಿಷ್ಟು ಗ್ಯಾಸ್ ಉರಿಯದೆ ಒಳಗೆ ಹೋಗುತ್ತದೆ. ಚಿಮಣಿಯ ಡ್ಯಾಂಪರ್ ಮುಚ್ಚಿಕೊಂಡಿದ್ದರೆ, ಎಕ್ಸಾಸ್ಟ್ ಫ್ಯಾನಿನ ಬೆಲ್ಟ್ ಹರಿದಿದ್ದರೆ ಆ ಗ್ಯಾಸ್ ಎಲ್ಲಿಗೂ ಹೋಗದೆ ಅಲ್ಲೇ ಸೇರುತ್ತದೆ. ಗಾಳಿಯಲ್ಲಿ ಅಡುಗೆ ಅನಿಲ ಶೇ 2ರ ಆಸುಪಾಸು, ಪೈಪಿನ ನೈಸರ್ಗಿಕ ಅನಿಲ ಶೇ 5 ಬೆರೆತರೆ ಸಾಕು, ಮುಂದಿನ ಕಿಡಿಗೆ ಉರಿಯುವುದು ಬರ್ನರ್ ಅಲ್ಲ, ಇಡೀ ಓವನ್. ಎರಡು ಸಲ ಒತ್ತಿಯೂ ಹತ್ತದಿದ್ದರೆ ಕೈ ತೆಗೆಯಿರಿ ಎಂದು ನಾನು ಹೋದಲ್ಲೆಲ್ಲ ಬರ್ನರ್ ಪಕ್ಕ ಬರೆದು ಅಂಟಿಸಿ ಬರುತ್ತೇನೆ.

ಕಾರಣ ಹುಡುಕುವುದೆಂದರೆ ಏನು ಎನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಬರ್ನರ್ ಹಗಲೆಲ್ಲ ಚೆನ್ನಾಗಿ ಉರಿಯುತ್ತಿತ್ತು, ಕರೆಂಟ್ ಹೋಗಿ ಡೀಸೆಲ್ ಜನರೇಟರ್ (ಡಿಜಿ) ಹಾಕಿದಾಗ ಮಾತ್ರ ಹಟ ಹಿಡಿಯುತ್ತಿತ್ತು. "ಅಣ್ಣ, ಲೈನಲ್ಲಿ ಏನೂ ತೊಂದ್ರೆ ಇಲ್ಲ. ಡಿಜಿ ಹಾಕಿದ್ರೆ ಉರಿ ಬರುತ್ತೆ, ಬಂದ ತಕ್ಷಣ ಟ್ರಿಪ್ಪಾಗುತ್ತೆ" ಎಂದ ಆಪರೇಟರ್ ಹುಡುಗ, ರಾಯಚೂರು ಕಡೆಯವನು. ಅವನು ಹೇಳಿದ ರೀತಿಯಲ್ಲೇ ಅರ್ಧ ಉತ್ತರ ಇತ್ತು. ನನಗಿಂತ ಮುಂಚೆ ಬಂದವರು ಕಂಟ್ರೋಲರ್ ಬದಲಿಸಿದ್ದರು, ಇಗ್ನಿಷನ್ ಟ್ರಾನ್ಸ್‌ಫಾರ್ಮರ್ ಬದಲಿಸಿದ್ದರು. ಕೊನೆಗೆ ಬಂದವನು ಈ ಬಾಕ್ಸನ್ನೇ ಕಿತ್ತುಹಾಕಿ ಒಂದು ಸಾದಾ ಟೈಮರ್ ಹಾಕಿ ಓಡಿಸೋಣ ಎಂದಿದ್ದನಂತೆ. ಓನರ್ ಒಪ್ಪಲಿಲ್ಲ. ಅವರ ಆ ಅನುಮಾನವೇ ಆ ಶೆಡ್ಡನ್ನು ಉಳಿಸಿತು ಎಂದು ಈಗಲೂ ನಂಬಿದ್ದೇನೆ.

ಬರ್ನರ್ ತನ್ನ ಉರಿಯನ್ನು ಕಂಡುಕೊಳ್ಳುವುದು ಬೆಂಕಿಯೊಳಗೆ ಚಾಚಿದ ಒಂದು ಸಣ್ಣ ಕಡ್ಡಿಯಿಂದ. ಬೆಂಕಿಗೆ ವಿದ್ಯುತ್ತನ್ನು ಒಯ್ಯುವ ಗುಣವಿದೆ. ಕಡ್ಡಿಯಿಂದ ಉರಿಯ ಮೂಲಕ ಬರ್ನರ್‌ನ ಮೈಗೆ ಕೆಲವು ಮೈಕ್ರೊ ಆಂಪಿಯರ್‌ನಷ್ಟು ಕರೆಂಟ್ ಹರಿಯುತ್ತದೆ. ಅದು ಅರ್ಥಿಂಗ್ ಮೂಲಕ ನ್ಯೂಟ್ರಲ್‌ಗೆ ವಾಪಸಾದರೆ ಮಾತ್ರ ಕಂಟ್ರೋಲರ್‌ಗೆ ಉರಿ ಇದೆ ಎಂದು ಗೊತ್ತಾಗುವುದು. ನಾನು ಮೀಟರನ್ನು ಕಡ್ಡಿಯ ವೈರಿಗೆ ಸೇರಿಸಿ ಇಟ್ಟೆ. ಲೈನಿನಲ್ಲಿ ಒಳ್ಳೆಯ ರೀಡಿಂಗ್. ಡಿಜಿಗೆ ಬದಲಿಸಿದರೆ, ಕಣ್ಣೆದುರು ನೀಲಿ ಉರಿ ಇದ್ದರೂ ಮೀಟರ್ ಸೊನ್ನೆ. ಜನರೇಟರ್ ಹತ್ತಿರ ಹೋಗಿ ನೋಡಿದರೆ ಅದರ ನ್ಯೂಟ್ರಲ್ ಭೂಮಿಗೆ ಸೇರಿರಲೇ ಇಲ್ಲ. ಕರೆಂಟಿಗೆ ವಾಪಸ್ ಹೋಗುವ ದಾರಿಯೇ ಇರಲಿಲ್ಲ. ಬರ್ನರ್‌ನಲ್ಲಿ ಒಂದು ಸ್ಕ್ರೂ ಕೂಡ ಕೆಟ್ಟಿರಲಿಲ್ಲ. ಜನರೇಟರ್ ಅರ್ಥಿಂಗ್ ಸರಿಯಿಲ್ಲದ ಶೆಡ್ಡಿನಲ್ಲಿ ಇನ್ನೊಂದು ದಿನ ಯಾರಿಗಾದರೂ ಶಾಕ್ ಹೊಡೆಯುವುದೂ ಇತ್ತು. ಬರ್ನರ್ ಅದನ್ನೂ ಸೇರಿಸಿ ಹೇಳುತ್ತಿತ್ತು.

ಅರ್ಥಿಂಗ್ ಮಾಡಲು ನಾನು ಕೈ ಹಾಕಲಿಲ್ಲ. ಅದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಬೇಕು, ಪರ್ಮಿಟ್ ಇರುವ ವೈರ್‌ಮನ್ ಬೇಕು. ಅವರೇ ಬಂದು ಮಾಡಿದರು. ವೈರ್ ಮುಟ್ಟುವವನಿಗೆ ಸರ್ಕಾರದ ಪರ್ಮಿಟ್ ಬೇಕು, ಒಳ್ಳೆಯದೇ. ಆದರೆ ಅದೇ ಶೆಡ್ಡಿನಲ್ಲಿ ಗ್ಯಾಸ್ ವಾಲ್ವ್ ಬಿಚ್ಚಿ ಜೋಡಿಸುವವನ ಹತ್ತಿರ ಯಾರೂ ಒಂದು ಚೀಟಿಯನ್ನೂ ಕೇಳುವುದಿಲ್ಲ. ನಾನು ಈ ಲೇಖನ ಬರೆಯುತ್ತಿರುವುದೇ ಇದಕ್ಕಾಗಿ.

ಇನ್ನೊಂದು ಕಡೆ ತೊಂದರೆ ಬರ್ನರ್‌ನಲ್ಲಿ ಕಾಣಲೇ ಇಲ್ಲ, ಬಣ್ಣದಲ್ಲಿ ಕಂಡಿತು. ಬಿಳಿ ಪೌಡರ್ ಹಾಕಿದ ಪ್ಯಾನೆಲ್‌ಗಳು ಓವನ್ನಿನಿಂದ ಸ್ವಲ್ಪ ಹಳದಿ ತಿರುಗಿ ಬರುತ್ತಿದ್ದವು. ಕಪ್ಪು, ಬೂದು ಬಣ್ಣಕ್ಕೆ ಏನೂ ಆಗುತ್ತಿರಲಿಲ್ಲ. ಓನರ್ ಪೌಡರ್ ಕೊಡುವವರನ್ನು ಬದಲಿಸಿದರು, ಶಾಖ ಇಳಿಸಿದರು, ಸಮಯ ಕಡಿಮೆ ಮಾಡಿದರು. ಗ್ಯಾಸ್ ಉರಿದ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಬಿಳಿ ಪೌಡರನ್ನು ಹಳದಿ ಮಾಡುತ್ತವೆ ಎನ್ನುವುದು ಈ ಕೆಲಸದಲ್ಲಿ ಗೊತ್ತಿರುವ ವಿಷಯ. ಹೊಗೆ ಬೇರೆ, ಬಿಸಿಗಾಳಿ ಬೇರೆ ಇರಬೇಕಾದ ಯಂತ್ರದಲ್ಲಿ ಬಣ್ಣ ಹಳದಿಯಾದರೆ ಹೊಗೆ ಎಲ್ಲೋ ಒಳಗೆ ಬರುತ್ತಿದೆ ಎಂದೇ ಅರ್ಥ. ಬರ್ನರ್ ಉರಿಯುತ್ತಿದ್ದಾಗ ಹಿಂದಿನ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು, ಬ್ಲೋವರ್ ನಿಲ್ಲಿಸಿ ಮತ್ತೆ ಹಾಕಲು ಹೇಳಿದೆ. ಬ್ಲೋವರ್ ವೇಗ ಹಿಡಿಯುತ್ತಿದ್ದಂತೆ ನೆಟ್ಟಗಿದ್ದ ಉರಿ ಒಂದು ಪಕ್ಕಕ್ಕೆ ಬಾಗಿ ನಡುಗಿತು. ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮಾರನೇ ದಿನ ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ ಬೆಸುಗೆಯ ಪಕ್ಕದಲ್ಲೇ ಬೆರಳುದ್ದದ ಸೀಳು.

ಆ ಓವನ್ನಿನ ಬಾಗಿಲ ಬಳಿ ದಿನವಿಡೀ ನಿಂತು ಮಾಲು ಇಳಿಸುತ್ತಿದ್ದ ಹೆಂಗಸರು "ಸಂಜೆ ಹೊತ್ತಿಗೆ ತಲೆ ಸಿಡೀತದೆ ಸಾರ್, ಬಿಸಿಗೇನೋ" ಎನ್ನುತ್ತಿದ್ದರು. ಬಿಸಿಗಲ್ಲ. ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಅದರ ಮೊದಲ ಗುರುತುಗಳು. ಪ್ಯಾನೆಲ್ ಹಳದಿಯಾದದ್ದನ್ನು ಗಿರಾಕಿ ವಾಪಸ್ ಕಳಿಸಿದ್ದರಿಂದ ಎಲ್ಲರಿಗೂ ಗೊತ್ತಾಯಿತು. ಹೆಂಗಸರ ತಲೆನೋವನ್ನು ಯಾರೂ ಬರೆದಿಟ್ಟಿರಲಿಲ್ಲ. ನನಗೆ ಇದು ಬಹಳ ನೋವಾದ ವಿಷಯ.

ಕೂರಿಸುವಾಗಲೇ ಎಷ್ಟೋ ತೊಂದರೆ ಒಳಗೆ ಸೇರಿರುತ್ತದೆ. ಪೌಡರ್ ಸಿಂಪಡಿಸುವ ಬೂತಿನ ಪಕ್ಕದಲ್ಲೇ ಬರ್ನರ್ ಇಟ್ಟರೆ ಹಾರುವ ಪುಡಿಯೆಲ್ಲ ಅದರ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಗಾಳಿ ದಿನದಿನಕ್ಕೆ ಇಳಿಯುತ್ತದೆ, ನೀಲಿ ಉರಿ ಹಳದಿಯಾಗುತ್ತದೆ, ಕೊಳವೆಯೊಳಗೆ ಮಸಿ ಕಟ್ಟುತ್ತದೆ. ಕೊನೆಗೆ ಏರ್ ಪ್ರೆಷರ್ ಸ್ವಿಚ್ "ಗಾಳಿ ಸಾಲದು" ಎಂದು ನಿಲ್ಲಿಸುತ್ತದೆ. ಆಗ ಬರುವುದೇ ನಾನು ಮೊದಲು ಹೇಳಿದ ವೈರ್ ತುಂಡು. ಫ್ಯಾನ್ ಬಿಚ್ಚಿ ಬ್ರಷ್ ಹಾಕಿದರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಕಾವಲುಗಾರನ ಬಾಯಿ ಕಟ್ಟುತ್ತಾರೆ. ಇನ್ನು ಕಬ್ಬಿಣ ತೊಳೆಯುವ ಆಸಿಡ್ ತೊಟ್ಟಿ ಹತ್ತಿರವಿದ್ದರೆ ಅದರ ಆವಿಯನ್ನೂ ಬರ್ನರ್ ಎಳೆದುಕೊಳ್ಳುತ್ತದೆ. ಹೈಡ್ರೊಕ್ಲೋರಿಕ್ ಆಸಿಡ್ಡಿನ ಆವಿ ಹೀಟ್ ಎಕ್ಸ್‌ಚೇಂಜರನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಡಕ್ಟ್ ಹಾಕಿ ಬರ್ನರ್‌ಗೆ ತಂದುಕೊಟ್ಟರೆ ಈ ಎರಡೂ ತಪ್ಪುತ್ತವೆ. ಶೆಡ್ಡು ಕಟ್ಟುವಾಗ ಅದರ ಖರ್ಚು ದೊಡ್ಡದಲ್ಲ.

ಈಗ ಹೊಸದೊಂದು ಸೇರಿಕೊಂಡಿದೆ. ದಾಭೋಲ್-ಬೆಂಗಳೂರು ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಬಂತು. ಆಮೇಲೆ ನಿಧಾನಕ್ಕೆ ಕಾರ್ಖಾನೆಗಳಿಗೂ ಲೈನ್ ಗ್ಯಾಸ್ ಸಿಗತೊಡಗಿ, ಸಿಲಿಂಡರ್ ಬಿಟ್ಟು ಅದಕ್ಕೆ ಬದಲಾಗುವವರು ಹೆಚ್ಚುತ್ತಿದ್ದಾರೆ. ನಾನು ಅದರ ಪರವಾಗಿಯೇ ಇದ್ದೇನೆ. ಸಿಲಿಂಡರ್ ಸಾಲಿನಲ್ಲಿ ಡಿಸೆಂಬರ್ ಬೆಳಿಗ್ಗೆ ಗ್ಯಾಸ್ ವೇಗವಾಗಿ ಎಳೆದಾಗ ಸಿಲಿಂಡರ್ ಮೈಮೇಲೆ ಮಂಜು ಕಟ್ಟಿ ಪ್ರೆಷರ್ ಬೀಳುತ್ತದೆ, ಅದಕ್ಕೆ ಕುದಿನೀರು ಸುರಿಯುವುದನ್ನು ನೋಡಿದ್ದೇನೆ. ಅಲ್ಲಿ ಬೇಕಾದದ್ದು ಇನ್ನಷ್ಟು ಸಿಲಿಂಡರ್ ಅಥವಾ ಒಂದು ವೇಪರೈಸರ್. ಲೈನ್ ಗ್ಯಾಸ್ ಬಂದರೆ ಈ ಗೋಳೇ ಇಲ್ಲ. ಆದರೆ ಬದಲಾಯಿಸುವುದೆಂದರೆ ಪೈಪ್ ಜೋಡಿಸುವುದಷ್ಟೇ ಅಲ್ಲ. ಸಿಲಿಂಡರ್ ಗ್ಯಾಸಿನ ಒಂದು ಪಾಲು ಪೂರ್ತಿ ಉರಿಯಲು ಸುಮಾರು 25ರಿಂದ 30 ಪಾಲು ಗಾಳಿ ಬೇಕು. ನೈಸರ್ಗಿಕ ಅನಿಲಕ್ಕೆ ಹತ್ತರಷ್ಟು ಸಾಕು. ಅಷ್ಟೇ ಅಳತೆಯ ಗ್ಯಾಸಿನಲ್ಲಿರುವ ಶಾಖವೂ ಎರಡೂವರೆಯಿಂದ ಮೂರು ಪಟ್ಟು ವ್ಯತ್ಯಾಸ. ಆದ್ದರಿಂದ ಜೆಟ್, ರೆಗ್ಯುಲೇಟರ್, ಗಾಳಿಯ ಡ್ಯಾಂಪರ್ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಡ್ರಿಲ್ ಬಿಟ್ಟಿನಲ್ಲಿ ಜೆಟ್ಟಿನ ತೂತು ದೊಡ್ಡದು ಮಾಡಿ ಹಚ್ಚಿಕೊಟ್ಟು ಹೋಗುವವರಿದ್ದಾರೆ. ಯಾವಾಗಲಾದರೂ ಲೈನ್ ನಿಂತು ಅದೇ ಜೆಟ್ಟಿಗೆ ಮತ್ತೆ ಸಿಲಿಂಡರ್ ಗ್ಯಾಸ್ ಕೊಟ್ಟರೆ ಶೆಡ್ಡಿನ ತುಂಬ ಮಸಿ ಮತ್ತು ವಿಷಗಾಳಿ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಗೋಡೆಯ ಮೇಲಿನ ಗ್ಯಾಸ್ ಡಿಟೆಕ್ಟರ್. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಚರಂಡಿ, ಗುಂಡಿಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಡಿಟೆಕ್ಟರನ್ನು ಪಾದದ ಮಟ್ಟದಲ್ಲಿ ಹಾಕಿರುತ್ತಾರೆ. ನೈಸರ್ಗಿಕ ಅನಿಲ ಹಗುರ, ಸೋರಿದರೆ ಮೇಲೇರಿ ಶೀಟಿನ ಕೆಳಗೆ ಸೇರುತ್ತದೆ. ಗ್ಯಾಸ್ ಬದಲಾಗಿದೆ, ಡಿಟೆಕ್ಟರ್ ಮಾತ್ರ ನೆಲದಲ್ಲೇ ಹಸಿರು ದೀಪ ಹಚ್ಚಿಕೊಂಡು ಕೂತಿದೆ. ಎಲ್ಲವೂ ಸರಿಯಿದೆ ಎಂದು ಎಲ್ಲರೂ ನಂಬಿದ್ದಾರೆ. ನಿಮ್ಮದು ಅಂಥ ಶೆಡ್ಡಾದರೆ ಇವತ್ತೇ ಹೋಗಿ ನೋಡಿ. ಡಿಟೆಕ್ಟರ್ ಮೇಲೆ ಇರಬೇಕು, ಅದನ್ನು ಲೈನ್ ಗ್ಯಾಸಿಗೆ ತಕ್ಕಂತೆ ಹೊಂದಿಸಿರಬೇಕು.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೈದು ಲೀಟರ್ ಮೀರಿದ ಹಬೆಯ ಬಾಯ್ಲರ್ ಇದ್ದರೆ, ಕೆಲವು ವಿನಾಯಿತಿ ಬಿಟ್ಟರೆ, ಅದಕ್ಕೆ ನೋಂದಣಿ ಬೇಕು, ತಪಾಸಣೆ ಬೇಕು, ನೋಡಿಕೊಳ್ಳುವ ಅಟೆಂಡೆಂಟ್ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ಪಡೆದಿರಬೇಕು. 1923ರ ಕಾಯ್ದೆಯಿಂದ ಬಂದ ಶಿಸ್ತು ಅದು. 2025ರ ಹೊಸ ಬಾಯ್ಲರ್ ಕಾಯ್ದೆಯಲ್ಲೂ ಮುಂದುವರಿದಿದೆ. ಅದರ ಪಕ್ಕದಲ್ಲೇ ಹತ್ತು ಪಟ್ಟು ಗ್ಯಾಸ್ ಉರಿಸುವ ಬಿಸಿಗಾಳಿ ಯಂತ್ರ ಇದ್ದರೂ ಆ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ಯಾಕೆಂದರೆ ಅದರಲ್ಲಿ ನೀರಿಲ್ಲ, ಹಬೆಯಿಲ್ಲ. ಗ್ಯಾಸಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಕಾರ್ಖಾನೆಗಳ ಸಾಮಾನ್ಯ ಸುರಕ್ಷತಾ ನಿಯಮಗಳು ಇವೆ, ಒಪ್ಪುತ್ತೇನೆ. ಅವು ಕಾರ್ಖಾನೆಯನ್ನು ನೋಡುತ್ತವೆ. ಬರ್ನರ್ ಬಿಚ್ಚುವ ಕೈಗೆ ಕೆಲಸ ಗೊತ್ತಿದೆಯೇ ಎಂದು ಕೇಳುವ ವ್ಯವಸ್ಥೆ ನಾನು ಕೆಲಸ ಮಾಡುವ ಯಾವ ಶೆಡ್ಡಿನಲ್ಲೂ ಕಂಡಿಲ್ಲ.

ಬ್ರಿಟನ್ನಿನಲ್ಲಿ 2009ರಿಂದ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಪಟ್ಟಿ ಇದೆ. ಅದಕ್ಕೂ ಮುಂಚೆ ಬೇರೆ ಹೆಸರಿನಲ್ಲಿತ್ತು. ಗ್ಯಾಸ್ ಕೆಲಸದವನ ಕಿಸೆಯಲ್ಲಿ ಒಂದು ಕಾರ್ಡ್. ಅದರ ಹಿಂದೆ ಅವನು ಯಾವ ಯಾವ ಉಪಕರಣ ಮುಟ್ಟಬಹುದು ಎಂದು ಬರೆದಿರುತ್ತದೆ. ಅಡುಗೆ ಒಲೆ ಬೇರೆ, ವಾಣಿಜ್ಯ ಬಳಕೆಯ ಬಿಸಿಗಾಳಿ ಯಂತ್ರ ಬೇರೆ, ಅದರಲ್ಲೂ ಹೊಗೆ ಬೇರೆಯಾಗುವ ಮಾದರಿ ಒಂದು, ಹೊಗೆಯೂ ಗಾಳಿಯೂ ಒಂದಾಗುವ ಮಾದರಿ ಇನ್ನೊಂದು. ಒಂದರಲ್ಲಿ ಪಾಸಾದವನು ಇನ್ನೊಂದನ್ನು ಮುಟ್ಟುವಂತಿಲ್ಲ.

ಅಮೆರಿಕದಲ್ಲಿ ಪಾಠ ಬಹಳ ದುಬಾರಿಯಾಗಿ ಬಂತು. ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಕೇಂದ್ರ ಬಾಯ್ಲರ್ ಇಡುವ ಯೋಜನೆ ಬಿಟ್ಟು, ಕಟ್ಟಡದ ತುಂಬ ಎಪ್ಪತ್ತಕ್ಕೂ ಹೆಚ್ಚು ಗ್ಯಾಸ್ ಹೀಟರ್ ಹಾಕಿದ್ದರು. ಬಿಲ್ಲು ಉಳಿಸಲು ತೈಲಬಾವಿಯ ಉಳಿಕೆ ಗ್ಯಾಸಿನ ಕೊಳವೆಗೆ ಸಂಪರ್ಕ ಕೊಟ್ಟಿದ್ದರು. ಆ ಗ್ಯಾಸಿಗೆ ವಾಸನೆ ಇರಲಿಲ್ಲ. ನೆಲದಡಿಯಲ್ಲಿ ಸೋರಿ ಸೇರಿದ್ದು ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18ರಂದು ಮರಗೆಲಸದ ಕೋಣೆಯಲ್ಲಿ ಸ್ಯಾಂಡರ್ ಯಂತ್ರದ ಸ್ವಿಚ್ಚಿನ ಕಿಡಿಗೆ ಶಾಲೆ ಸ್ಫೋಟಗೊಂಡು ಮುನ್ನೂರರಷ್ಟು ಜನ ಸತ್ತರು, ಬಹುಪಾಲು ಮಕ್ಕಳು. ಆಮೇಲೆ ಗ್ಯಾಸಿಗೆ ವಾಸನೆ ಬೆರೆಸುವುದನ್ನು ಟೆಕ್ಸಸ್ ಕಡ್ಡಾಯ ಮಾಡಿತು. ಎಂಜಿನಿಯರುಗಳ ನೋಂದಣಿಗೂ ಅದೇ ವರ್ಷ ಕಾನೂನು ಬಂತು. ನಮ್ಮ ಮನೆಯ ಸಿಲಿಂಡರಿನ ವಾಸನೆಯೂ ಅಂಥದ್ದೇ ಕಾಳಜಿಯಿಂದ ಬೆರೆಸಿದ್ದು. ಕಾನೂನು ಬರಲು ನಮ್ಮಲ್ಲೂ ಹೆಣ ಬೀಳಬೇಕೇ?

ಸಣ್ಣ ಕಾರ್ಖಾನೆಯವರ ಕಷ್ಟ ನನಗೆ ಗೊತ್ತು. ಜಾಬ್ ವರ್ಕ್ ದರ ಏರುವುದಿಲ್ಲ, ಗ್ಯಾಸ್ ದರ ನಿಲ್ಲುವುದಿಲ್ಲ, ಮಾಲು ತಡವಾದರೆ ಗಿರಾಕಿ ಪಕ್ಕದ ರಸ್ತೆಗೆ ಹೋಗುತ್ತಾನೆ. ಅರ್ಧ ದಿನ ಓವನ್ ನಿಲ್ಲಿಸಿ ಎಂದರೆ ಮುಖ ಸಪ್ಪಗಾಗುತ್ತದೆ. ಆದರೆ ಹೇಗೂ ಆಯುಧಪೂಜೆಗೆ ಯಂತ್ರ ನಿಲ್ಲುತ್ತದೆ. ಓವನ್ನಿಗೆ ಹೂವು, ಕುಂಕುಮ, ಬೂದುಗುಂಬಳ ಎಲ್ಲ ಆಗುತ್ತದೆ. ಆ ಹಿಂದಿನ ದಿನವೇ ಫ್ಯಾನ್ ಬಿಚ್ಚಿ ತೊಳೆಯಿರಿ, ಚಿಮಣಿ ನೋಡಿ, ಸ್ಫೋಟವಾದರೆ ಒತ್ತಡ ಹೊರಹೋಗಲೆಂದು ಓವನ್ನಿಗೆ ಇಟ್ಟ ಬಾಗಿಲಿಗೆ ಕಟ್ಟಿದ ಕಂಬಿ ಬಿಚ್ಚಿ, ಅದರ ಮುಂದೆ ಇಟ್ಟ ರಟ್ಟಿನ ಡಬ್ಬಿ ತೆಗೆಯಿರಿ, ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಹಬ್ಬ ಮುಗಿದು ಓವನ್ ಬಿಸಿಯಾದ ಮೇಲೆ ಹೊಗೆಯನ್ನು ಅನಲೈಸರ್ ಇಟ್ಟು ಅಳೆಸಿ. ಆಮ್ಲಜನಕ ಶೇ 3ರಿಂದ 5ರ ಆಸುಪಾಸಿನಲ್ಲಿ, ಕಾರ್ಬನ್ ಮಾನಾಕ್ಸೈಡ್ 100 ಪಿಪಿಎಂ ಒಳಗೆ ಇದ್ದರೆ ನೆಮ್ಮದಿ. ಸರಿಯಾಗಿ ಹೊಂದಿಸಿದ ಬರ್ನರ್ ಗ್ಯಾಸನ್ನೂ ಉಳಿಸುತ್ತದೆ. ಆ ಉಳಿತಾಯವನ್ನು ಎಷ್ಟೋ ಓನರುಗಳು ತಮ್ಮ ಬಿಲ್ಲಿನಲ್ಲೇ ನನಗೆ ತೋರಿಸಿದ್ದಾರೆ.

ಕೆಲಸಕ್ಕೆ ಬರುವ ಹುಡುಗರ ಬಗ್ಗೆ ನನಗೆ ಸಿಟ್ಟಿಲ್ಲ. ಐಟಿಐ ಮುಗಿಸಿ ಬಂದವನಿಗೆ ಫಿಟ್ಟರ್ ಕೆಲಸ ಬರುತ್ತದೆ, ಎಲೆಕ್ಟ್ರಿಷಿಯನ್ ಕೆಲಸ ಬರುತ್ತದೆ. ಗ್ಯಾಸ್, ಗಾಳಿ, ಉರಿ ಮೂರನ್ನೂ ಒಟ್ಟಿಗೆ ಹೇಳಿಕೊಟ್ಟವರಿಲ್ಲ. ವೈರ್ ತುಂಡು ಹಾಕಿದವನೂ ಓನರಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಹಾಕಿದ್ದು.

ರಾಜ್ಯದ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ನನ್ನ ಮನವಿ ಇಷ್ಟೆ. ಬಾಯ್ಲರ್ ಅಟೆಂಡೆಂಟ್‌ಗೆ ಪರೀಕ್ಷೆ ಇರುವಂತೆ ಗ್ಯಾಸ್ ಬರ್ನರ್ ಕೆಲಸದವರಿಗೂ ಒಂದು ಪರೀಕ್ಷೆ, ಒಂದು ಕಾರ್ಡ್ ತನ್ನಿ. ಐಟಿಐಗಳಲ್ಲಿ ಅದಕ್ಕೆ ಕನ್ನಡದಲ್ಲಿ ಸಣ್ಣ ಅವಧಿಯ ತರಗತಿ ಶುರುವಾಗಲಿ. ವರ್ಷಕ್ಕೊಮ್ಮೆ ಹೊಗೆ ಅಳತೆ ಮಾಡಿದ ಚೀಟಿ ಬಿಸಿಗಾಳಿ ಓವನ್ ಇರುವ ಪ್ರತಿ ಶೆಡ್ಡಿನ ಗೋಡೆಯ ಮೇಲೆ ಇರಲಿ. ಪರೀಕ್ಷೆ ಇಟ್ಟ ದಿನ ಮೊದಲ ಸಾಲಿನಲ್ಲಿ ಕೂತು ಬರೆಯಲು ನಾನು ಸಿದ್ಧ.

ಓವನ್ ಪಕ್ಕ ಕೆಲಸ ಮಾಡುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. ಒಂದೇ ಜಾಗದಲ್ಲಿ ನಿಂತವರಿಗೆಲ್ಲ ತಲೆನೋವು ಬರುತ್ತಿದ್ದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಹೊರಗೆ ಗಾಳಿಗೆ ಬನ್ನಿ, ಸೂಪರ್‌ವೈಸರ್‌ಗೆ ಹೇಳಿ, ಬರ್ನರ್ ಆರಿಸಿ ನೋಡುವವರೆಗೆ ಒಳಗೆ ಹೋಗಬೇಡಿ.